ಪುಣೆಯ ಹಿತ್ತಿಲಿನ ತುಡುವೆ ಪೆಟ್ಟಿಗೆ

ಮನುಷ್ಯ ಜೇನು ತಿನ್ನಲು ಕಲಿತು ಸಾವಿರಾರು ವರ್ಷಗಳಾದವು. ಆದರೆ ಜೇನಿನ ಮನೆಯನ್ನು ಹಾಳು ಮಾಡದೆ, ಒಳಗೆ ಏನು ನಡೆದಿದೆ ಅಂತ ನೋಡಿ, ಮತ್ತೆ ಮುಚ್ಚಿಟ್ಟು ಬರುವ ವಿದ್ಯೆ ಅಷ್ಟು ಹಳೆಯದಲ್ಲ. ಅದಕ್ಕೆ ಇನ್ನೂರು ಚಿಲ್ಲರೆ ವರ್ಷ, ಅಷ್ಟೇ. ಅದನ್ನು ಮೊದಲು ಸರಿಯಾಗಿ ಮಾಡಿದವನು ಒಬ್ಬ ಕುರುಡ ಅಂದರೆ ನೀವು ನಂಬಲಿಕ್ಕಿಲ್ಲ. ಜಿನೀವಾದ ಫ್ರಾನ್ಸ್ವಾ ಹ್ಯೂಬರ್, 1750ರಲ್ಲಿ ಹುಟ್ಟಿದವನು, ಯೌವನದಲ್ಲೇ ದೃಷ್ಟಿ ಕಳೆದುಕೊಂಡ. ಹೆಂಡತಿಯೂ ಬರ್ನೆನ್ಸ್ ಎಂಬ ಸೇವಕನೂ ಅವನ ಕಣ್ಣಾದರು. ಪುಸ್ತಕದ ಹಾಳೆಗಳ ಹಾಗೆ ತೆರೆದುಕೊಳ್ಳುವ ಒಂದು ಗೂಡನ್ನು ಅವನು ಮಾಡಿಸಿದ. ಬರ್ನೆನ್ಸ್ ಒಂದೊಂದೇ ಎರಿಯನ್ನು ನೋಡಿ ಹೇಳುತ್ತಿದ್ದ, ಯಜಮಾನ ಪ್ರಶ್ನೆ ಕೇಳುತ್ತಿದ್ದ. ಹೀಗೆ ವರ್ಷಗಟ್ಟಲೆ ಕೂಡಿಟ್ಟ ಸಂಗತಿಗಳ ಪುಸ್ತಕ 1792ರಲ್ಲಿ ಹೊರಬಂತು. ಬರ್ನೆನ್ಸನ ಹೆಸರು ಈಗ ಯಾರೂ ಹೇಳುವುದಿಲ್ಲ. ಬ್ಯಾಂಕಿನಲ್ಲೂ ಹಾಗೇ ನೋಡಿ, ಕಟ್ಟು ಎಣಿಸಿದವನು ಒಬ್ಬ, ಸಹಿ ಹಾಕಿದವನು ಇನ್ನೊಬ್ಬ.

ಹ್ಯೂಬರನ ಗೂಡು ವಿದ್ವಾಂಸರ ವಸ್ತುವಾಯಿತೇ ಹೊರತು ರೈತನ ಹಿತ್ತಿಲಿಗೆ ಬರಲಿಲ್ಲ. ಅದಕ್ಕೆ ಇನ್ನೂ ಅರವತ್ತು ವರ್ಷ ಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಜೇನು ಸಾಕುತ್ತಿದ್ದರು. ಸ್ವಲ್ಪ ಸಂದು ಸಿಕ್ಕಿದರೆ ನೊಣಗಳು ಅದನ್ನು ಅಂಟಿನಿಂದ ಮೆತ್ತುತ್ತವೆ. ಹೆಚ್ಚು ಜಾಗ ಸಿಕ್ಕಿದರೆ ಅಲ್ಲೂ ಎರಿ ಕಟ್ಟುತ್ತವೆ. ಎರಡೂ ಮಾಡದೆ, ಓಡಾಡುವ ದಾರಿ ಅಂತ ಬಿಟ್ಟುಕೊಡುವ ಒಂದು ಅಳತೆ ಮಾತ್ರ ಇದೆ. ಅದು ಸುಮಾರು ಮೂರರ ಎಂಟನೇ ಒಂದು ಪಾಲು ಅಲ್ಲ, ಒಂದು ಇಂಚಿನ ಎಂಟು ಭಾಗದಲ್ಲಿ ಮೂರು ಭಾಗ, ಕಿರುಬೆರಳಿನಷ್ಟೂ ಅಗಲವಿಲ್ಲ. ಈ ಸಂದನ್ನು ಚೌಕಟ್ಟಿನ ಸುತ್ತಲೂ ಬಿಟ್ಟರೆ ಚೌಕಟ್ಟು ಪೆಟ್ಟಿಗೆಗೆ ಅಂಟುವುದೇ ಇಲ್ಲ, ಎತ್ತಿದರೆ ಬರುತ್ತದೆ ಎಂದು 1851ರಲ್ಲಿ ಅವರಿಗೆ ಹೊಳೆಯಿತು. 1852ರಲ್ಲಿ ಪೇಟೆಂಟ್ ಸಿಕ್ಕಿತು, 1853ರಲ್ಲಿ ಪುಸ್ತಕ ಬಂತು. ದುಡ್ಡು ಮಾತ್ರ ಬರಲಿಲ್ಲ. ಅವರ ಪೆಟ್ಟಿಗೆಯನ್ನು ಊರೆಲ್ಲ ನಕಲು ಮಾಡಿತು, ಪಾದ್ರಿಗಳು ಕೋರ್ಟಿಗೆ ಅಲೆದು ಸುಸ್ತಾದರು. ಲೋಕದ ಜೇನು ವ್ಯವಸಾಯವೆಲ್ಲ ಇವತ್ತಿಗೂ ಆ ಕಿರುಬೆರಳಿನ ಸಂದಿನ ಮೇಲೇ ನಿಂತಿದೆ.

ನಮ್ಮ ದೇಶದಲ್ಲಿ ಇಂಗ್ಲಿಷರು 1880ರ ದಶಕದಲ್ಲೇ ಬಂಗಾಳ, ಪಂಜಾಬುಗಳಲ್ಲಿ ಪೆಟ್ಟಿಗೆ ಜೇನು ಪ್ರಯತ್ನಿಸಿದ್ದರು. ಅದು ಹತ್ತಲಿಲ್ಲ. ಸೀಮೆ ನೊಣಕ್ಕೆ ಮಾಡಿದ ದೊಡ್ಡ ಪೆಟ್ಟಿಗೆ ನಮ್ಮ ತುಡುವೆಗೆ ಛತ್ರದಂತೆ. ಎರಡು ಜನರ ಸಂಸಾರವನ್ನು ಛತ್ರದಲ್ಲಿ ಇಳಿಸಿದರೆ ಯಾವ ಮೂಲೆ ಕಾಯುವುದು, ಯಾವ ಮೂಲೆ ಬೆಚ್ಚಗಿಡುವುದು? ತುಡುವೆಯ ಅಳತೆ ತಿಳಿದು, ಅದಕ್ಕೆ ತಕ್ಕ ಸಣ್ಣ ಪೆಟ್ಟಿಗೆ ಮಾಡಿದವರೂ ಒಬ್ಬ ಪಾದ್ರಿಯೇ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ನ್ಯೂಟನ್. 1911ರಿಂದ 1917ರ ನಡುವೆ ಅವರು ಹಳ್ಳಿಯ ಜನರನ್ನು ಕೂರಿಸಿಕೊಂಡು ತರಬೇತಿ ಕೊಟ್ಟರು. ಮರಿಕೋಣೆಯಲ್ಲಿ ಏಳು ಚೌಕಟ್ಟು, ಒಂದೊಂದು ಸುಮಾರು ಎಂಟು ಇಂಚು ಉದ್ದ, ಆರು ಇಂಚಿಗೆ ಸ್ವಲ್ಪ ಕಮ್ಮಿ ಎತ್ತರ. ಶಾಲೆಯ ಸ್ಲೇಟಿನಷ್ಟು ಅನ್ನಿ. 'ನ್ಯೂಟನ್ ಪೆಟ್ಟಿಗೆ' ಎಂದು ನಮ್ಮೂರಿನಲ್ಲಿ ಕರೆಯುತ್ತಿದ್ದದ್ದು ಇದನ್ನೇ. ಸೇಬುಹಣ್ಣಿನ ನ್ಯೂಟನ್ನನೇ ಜೇನುಪೆಟ್ಟಿಗೆಯನ್ನೂ ಕಂಡುಹಿಡಿದ ಅಂತ ಹೈಸ್ಕೂಲು ಮುಗಿಸುವ ತನಕ ನಾವೆಲ್ಲ ತಿಳಿದಿದ್ದೆವು.

ತಿರುವಾಂಕೂರಿಗೆ ಪೆಟ್ಟಿಗೆ ಜೇನು ಬಂದದ್ದು 1917ರಲ್ಲಿ, ಮೈಸೂರು ಸಂಸ್ಥಾನಕ್ಕೆ 1925ರಲ್ಲಿ, ಮದರಾಸು ಪ್ರಾಂತಕ್ಕೆ 1931ರಲ್ಲಿ, ಕೊಡಗಿಗೆ 1934ರಲ್ಲಿ. ನಡುವೆ 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಇದೊಂದು ಒಳ್ಳೆ ಗುಡಿಕೈಗಾರಿಕೆ ಅಂತ ಶಿಫಾರಸು ಮಾಡಿತ್ತು. 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಚರಕ, ಗಾಣಗಳ ಜೊತೆ ಜೇನೂ ಸೇರಿತು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತಲ್ಲ, ಹಾಗಾಗಿ ನಮಗೆ ಈ ವಿದ್ಯೆ ಬಂದದ್ದು ಘಟ್ಟದ ಮೇಲಿಂದಲ್ಲ, ತಮಿಳು ಸೀಮೆಯ ದಾರಿಯಲ್ಲಿ. ಆಮೇಲೆ ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರ ಸಂಘ, ಕೊಡಗಿನಲ್ಲಿ ವಿರಾಜಪೇಟೆಯ ಸಂಘ, ಇವೆಲ್ಲ ಬೆಳೆದವು. ಹಾಲಿನ ಡೈರಿಗಿಂತ ಮೊದಲೇ ನಮ್ಮ ಕಡೆ ಜೇನಿಗೆ ಸಹಕಾರ ಸಂಘವಿತ್ತು ಅಂದರೆ ಪುಣೆಯ ನನ್ನ ಮರಾಠಿ ಸ್ನೇಹಿತರು ಹುಬ್ಬೇರಿಸುತ್ತಾರೆ.

ನಮ್ಮ ಮನೆ ಸುಳ್ಯ ತಾಲೂಕಿನ ಒಳಭಾಗದಲ್ಲಿ. ಅಜ್ಜನ ಕಾಲದ್ದು ಪೆಟ್ಟಿಗೆಯಲ್ಲ, ಮಡಕೆ. ಹಳೇ ಮಣ್ಣಿನ ಮಡಕೆಯ ಒಳಗೆ ಮೇಣ ಸವರಿ, ಅಡಿಕೆ ತೋಟದ ಕಟ್ಟಪುಣಿಯ ಮೇಲೆ ಕವುಚಿ ಇಟ್ಟರೆ, ಪಾಲಾಗಿ ಹಾರಿಬಂದ ತುಡುವೆ ಬಂದು ಕೂತರೆ ಕೂತಿತು. ಚೈತ್ರದ ಒಂದು ಕತ್ತಲೆ ರಾತ್ರಿ ಸೂಟೆ ಹಿಡಿದುಕೊಂಡು ಹೋಗಿ ಎರಿಯೆಲ್ಲ ಕಿತ್ತು, ಬಟ್ಟೆಯಲ್ಲಿ ಹಾಕಿ ಹಿಂಡುವುದು. ಮೊಟ್ಟೆ, ಮರಿ, ಪರಾಗ, ಜೇನು ಎಲ್ಲ ಒಟ್ಟಿಗೆ. ಆ ಜೇನು ಹುಳಿ ಬರುತ್ತಿತ್ತು. ಉಳಿದ ನೊಣ ಇದ್ದರೆ ಇತ್ತು, ಹೋದರೆ ಹೋಯಿತು. ಪೆಟ್ಟಿಗೆ ತಂದವರು ನನ್ನ ಅಪ್ಪ. ಮರಿಕೋಣೆ ಕೆಳಗೆ, ಜೇನುಕೋಣೆ ಮೇಲೆ. ಮೇಲಿನದನ್ನು ಮಾತ್ರ ಯಂತ್ರಕ್ಕೆ ಹಾಕಿ ತಿರುಗಿಸಿ ಜೇನು ತೆಗೆಯುವುದು, ಖಾಲಿ ಎರಿ ವಾಪಸು ಕೊಡುವುದು. 'ಬಾಡಿಗೆ ಮಾತ್ರ ತಕ್ಕೊಳ್ಳೋದು, ಮನೆ ಕೆಡವೋದಲ್ಲ' ಅಂತ ಅಪ್ಪ ಅಜ್ಜನಿಗೆ ಹೇಳಿದ್ದರಂತೆ. ಅಜ್ಜ ಒಪ್ಪಲಿಲ್ಲ. ಹಿಂಡಿದ ಜೇನೇ ಔಷಧಿಗೆ ಒಳ್ಳೇದು ಅಂತ ಕೊನೆಯವರೆಗೂ ವಾದಿಸಿದರು.

ನಾನು ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ್ದು 1981ರಲ್ಲಿ. ಎರಡು ವರ್ಷದ ನಂತರ ನಮ್ಮ ಜಿಲ್ಲೆಯದೇ ಒಂದು ಹಳ್ಳಿ ಶಾಖೆಗೆ ಹಾಕಿದರು. ಅದು ಐ.ಆರ್.ಡಿ.ಪಿ. ಕಾಲ. 1980ರ ಅಕ್ಟೋಬರಿನಿಂದ ದೇಶದ ಎಲ್ಲ ಬ್ಲಾಕುಗಳಿಗೂ ಆ ಯೋಜನೆ ಬಂದಿತ್ತು. ಸಣ್ಣ ರೈತನಿಗೆ ಕಾಲು ಭಾಗ ಸಬ್ಸಿಡಿ, ಅತಿ ಸಣ್ಣ ರೈತನಿಗೂ ಕೂಲಿಯವನಿಗೂ ಮೂರರಲ್ಲಿ ಒಂದು ಭಾಗ, ಗಿರಿಜನರಿಗೆ ಅರ್ಧ. ಬೇರೆ ಕಡೆ ಎಮ್ಮೆ ಕೊಟ್ಟರು, ಆಡು ಕೊಟ್ಟರು, ಹೊಲಿಗೆ ಯಂತ್ರ ಕೊಟ್ಟರು. ನಮ್ಮಲ್ಲಿ ಜೇನುಪೆಟ್ಟಿಗೆಗೂ ಸಾಲ ಕೊಟ್ಟೆವು. ಭೂಮಿ ಬೇಡ, ಮೇವು ಬೇಡ, ಬೆಳಿಗ್ಗೆ ಕೂಲಿಗೆ ಹೋಗುವವನಿಗೂ ಸಂಜೆ ನೋಡಿಕೊಳ್ಳಲು ಆಗುವ ಕಸುಬು. ಎಮ್ಮೆಯ ಸಾಲಕ್ಕಾದರೆ ಕಿವಿಗೆ ಬಿಲ್ಲೆ ಹೊಡೆದು ವಿಮೆ ಮಾಡಿಸಬೇಕು. ಎಮ್ಮೆ ಸತ್ತರೆ ಬಿಲ್ಲೆ ಸಮೇತ ಕಿವಿ ತಂದು ತೋರಿಸಬೇಕು. ಜೇನಿಗೆ ಯಾವ ಕಿವಿ? ಅಡವಿಟ್ಟ ಆಸ್ತಿ ದಿನಾ ಬೆಳಿಗ್ಗೆ ಹಾರಿಹೋಗಿ ಸಂಜೆ ವಾಪಸು ಬರುವ ಸಾಲ ನನ್ನ ಸರ್ವೀಸಿನಲ್ಲಿ ಇದೊಂದೇ. ಆದರೂ ಹೇಳುತ್ತೇನೆ, ಜೇನಿನ ಸಾಲಗಾರರು ಕಂತು ಕಟ್ಟುವುದರಲ್ಲಿ ಎಮ್ಮೆಯವರಿಗಿಂತ ಮುಂದಿದ್ದರು. ಫೆಬ್ರವರಿ–ಮಾರ್ಚಿನಲ್ಲಿ ರಬ್ಬರು ಹೊಸ ಚಿಗುರು ಬಿಡುವಾಗ ಎಲೆಯ ಬುಡದಿಂದಲೇ ರಸ ಒಸರುತ್ತದೆ. ಆಗ ಸಂಘದ ಮುಂದೆ ಡಬ್ಬಿಗಳ ಸಾಲು, ಮರುವಾರ ನಮ್ಮ ಕೌಂಟರಿನ ಮುಂದೆ ಜನರ ಸಾಲು.

1989ರಲ್ಲಿ ನನಗೆ ಪುಣೆಗೆ ವರ್ಗವಾಯಿತು. ಮೂರು ವರ್ಷ ಅಂತ ಹೇಳಿ ಕಳಿಸಿದ್ದು. ಹೆಂಡತಿಗೆ ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮಕ್ಕಳು ಮರಾಠಿಯಲ್ಲಿ ಜಗಳ ಆಡಲು ಕಲಿತರು, ಆಮೇಲೆ ಊರಿಗೆ ಹೋಗುವ ಮಾತು ಬೇಸಗೆ ರಜೆಯ ಮಾತಾಗಿ ಉಳಿಯಿತು. ಈ ಪುಸ್ತಕದಲ್ಲಿ ಬರೆದವರೆಲ್ಲರ ಕಥೆಯೂ ಹೆಚ್ಚು ಕಮ್ಮಿ ಇದೇ ಇರಬಹುದು, ಅದನ್ನು ಬೆಳೆಸುವುದಿಲ್ಲ.

1990ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಗ್ರಾಮೀಣ ಸಾಲಗಳನ್ನು ಮನ್ನಾ ಮಾಡಿತು. ಕಟ್ಟಿದವನು ಪೆದ್ದ, ಕಟ್ಟದವನು ಜಾಣ ಅಂತಾಯಿತು ಎಂದು ನಾವು ಬ್ಯಾಂಕಿನವರು ಆಗ ಹೊಟ್ಟೆಯುರಿದುಕೊಂಡದ್ದು ನಿಜ. ವಿಚಿತ್ರವೆಂದರೆ ನಿಜವಾಗಿ ಮನ್ನಾ ಬೇಕಾಗಿದ್ದ ವರ್ಷ ಅದಲ್ಲ, ಅದರ ಮುಂದಿನದು.

ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಥಾಯ್ಲೆಂಡಿನಲ್ಲಿ 1976ರಲ್ಲಿ ಕಾಣಿಸಿಕೊಂಡಿತ್ತು. 1978ರ ಹೊತ್ತಿಗೆ ಮೇಘಾಲಯಕ್ಕೆ ಬಂತು. ಹಿಮಾಲಯದ ಬುಡ ಹಿಡಿದುಕೊಂಡು ಪಶ್ಚಿಮಕ್ಕೆ ನಡೆದು 80ರ ದಶಕದಲ್ಲಿ ಹಿಮಾಚಲ, ಕಾಶ್ಮೀರಗಳ ತುಡುವೆಯನ್ನು ಗುಡಿಸಿ ಹಾಕಿತು. ದಕ್ಷಿಣಕ್ಕೆ ತಲುಪಿದ್ದು 1991–92ರಲ್ಲಿ. ಕೇರಳ, ಕನ್ಯಾಕುಮಾರಿ, ಕೊಡಗು, ದಕ್ಷಿಣ ಕನ್ನಡ. ನೂರಕ್ಕೆ ತೊಂಬತ್ತರಷ್ಟು ಸಾಕು ಕುಟುಂಬಗಳು ಹೋದವು. ಇದು ದೊಡ್ಡ ನೊಣವನ್ನು ಕೊಲ್ಲುವ ರೋಗವಲ್ಲ, ತೊಟ್ಟಿಲಿನ ರೋಗ. ಮರಿ ಬೆಳೆದು, ಇನ್ನೇನು ಗೂಡಿನ ಬಾಯಿ ಮುಚ್ಚಿ ಕೋಶಾವಸ್ಥೆಗೆ ಹೋಗಬೇಕು ಅನ್ನುವಾಗ ಸಾಯುತ್ತದೆ. ತಲೆಯ ತುದಿ ಮೇಲಕ್ಕೆ ಎತ್ತಿಕೊಂಡು, ದೋಣಿಯ ಹಾಗೆ ಬಾಗಿ ಬಿದ್ದಿರುತ್ತದೆ. ಚರ್ಮ ಒಂದು ಚೀಲ, ಒಳಗೆ ನೀರು. ಕಡ್ಡಿಯಿಂದ ಎತ್ತಿದರೆ ಚೀಲ ಹರಿಯದೆ ಇಡಿಯಾಗಿ ಬರುತ್ತದೆ. ಹೊಸ ನೊಣ ಹುಟ್ಟದೆ, ಹಳೆಯವು ದುಡಿದು ಸತ್ತು, ಕೆಲವೇ ವಾರದಲ್ಲಿ ಪೆಟ್ಟಿಗೆ ಖಾಲಿ. ಕೆಲವೊಮ್ಮೆ ಉಳಿದ ನೊಣಗಳೆಲ್ಲ ರಾಣಿಯ ಸಮೇತ ಗೂಡು ಬಿಟ್ಟು ಓಡಿಹೋಗುತ್ತವೆ.

ಅಣ್ಣನ ಇನ್‌ಲ್ಯಾಂಡ್ ಲೆಟರ್ 1992ರ ಆರಂಭದಲ್ಲಿ ಬಂತು. ಅಪ್ಪನ ಕಾಲದಿಂದ ಬೆಳೆದು ಹದಿನಾಲ್ಕು ಪೆಟ್ಟಿಗೆ ಆಗಿತ್ತು ಆಗ. ಒಂಬತ್ತು ಖಾಲಿಯಾಗಿದೆ, ಉಳಿದ ಐದರಲ್ಲಿ ಮರಿ ಸಾಯುತ್ತಿದೆ ಅಂತ ಬರೆದಿದ್ದ. ಕೊನೆಯಲ್ಲಿ ಒಂದು ಸಾಲು: 'ಪುಣೆಯಲ್ಲಿ ಜೇನಿನ ದೊಡ್ಡ ಆಫೀಸು ಇದೆಯಂತೆ, ವಿಚಾರಿಸಿ ಬರಿ.'

ಇತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1962ರಲ್ಲಿ ಸ್ಥಾಪಿಸಿದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಗಣೇಶಖಿಂಡ್ ರಸ್ತೆಯಲ್ಲಿದೆ. ಮೂರು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದ ನನಗೆ ಆ ಬೋರ್ಡು ಕಣ್ಣಿಗೆ ಬಿದ್ದದ್ದು ಆಗಲೇ. ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಹೋದೆ. ಅಲ್ಲಿದ್ದ ಒಬ್ಬ ಹಿರಿಯರು ಕೂರಿಸಿ, ಚಹಾ ಕೊಟ್ಟು, ಒಂದೂ ಸುಳ್ಳು ಹೇಳದೆ ಮಾತಾಡಿದರು. ವೈರಸ್ಸಿಗೆ ಔಷಧಿ ಇಲ್ಲ. ಸಕ್ಕರೆ ಪಾಕದಲ್ಲಿ ಯಾವುದಾದರೂ ಪುಡಿ ಹಾಕಿ ಕೊಡಿ ಅಂತ ಹೇಳುವವರನ್ನು ನಂಬಬೇಡಿ. ಸತ್ತ ಮರಿಯಿರುವ ಎರಿ ತೆಗೆದು ಸುಡಿ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ಇಡುವುದನ್ನು ನಿಲ್ಲಿಸಿ. ಮರಿಯೇ ಇಲ್ಲದಿದ್ದರೆ ರೋಗ ಯಾವುದನ್ನು ಹಿಡಿದೀತು? ಒಂದು ಪೆಟ್ಟಿಗೆಯ ಎರಿ ಇನ್ನೊಂದಕ್ಕೆ ಕೊಡಬೇಡಿ. ಮತ್ತು ಕಾಡಿನಲ್ಲಿ ಉಳಿದದ್ದನ್ನು ಹುಡುಕಿ, ರೋಗ ಬಂದರೂ ಬದುಕಿದ ಕುಟುಂಬವೇ ಮುಂದಿನ ಬೀಜ. ಅಷ್ಟನ್ನೂ ಕನ್ನಡದಲ್ಲಿ ಬರೆದು ಅವತ್ತೇ ಅಂಚೆಗೆ ಹಾಕಿದೆ. ಕಾಗದ ಸುಳ್ಯ ದಾಟಿ ಮನೆ ಮುಟ್ಟುವಾಗ ಐದರಲ್ಲಿ ಒಂದು ಉಳಿದಿತ್ತು. ಅದೂ ಮಳೆಗಾಲ ಕಳೆಯಲಿಲ್ಲ.

ಸಾಲಗಾರರ ಗತಿ ಏನಾಯಿತು? ನಾನು ಸಹಿ ಹಾಕಿದ ಸಾಲಗಳು 1990ರ ಹೊತ್ತಿಗೆ ಬಹುಪಾಲು ತೀರಿದ್ದವು ಇಲ್ಲವೇ ಮನ್ನಾದಲ್ಲಿ ಹೋಗಿದ್ದವು. ಅದಾದ ಮೇಲೆ ಹೊಸದಾಗಿ ತೆಗೆದುಕೊಂಡವರು ಸಿಕ್ಕಿಬಿದ್ದರು. ನನಗೆ ಗೊತ್ತಿದ್ದ ಒಬ್ಬರು, ಅಡಿಕೆ ಸುಲಿಯುವ ಕೂಲಿ ಮಾಡುತ್ತಿದ್ದವರು, ಖಾಲಿ ಪೆಟ್ಟಿಗೆ ಹೊತ್ತುಕೊಂಡು ಅವರ ಬ್ಯಾಂಕಿಗೆ ಹೋಗಿ ಮ್ಯಾನೇಜರರ ಮೇಜಿನ ಮೇಲೆ ಇಟ್ಟರಂತೆ. 'ನಿಮ್ಮ ಆಸ್ತಿ ಇದು. ಒಳಗಿದ್ದದ್ದು ಹೋಗಿದೆ.' ವಿಮೆ ಇಲ್ಲ, ಬರಗಾಲದ ಪಟ್ಟಿಯಲ್ಲಿ ಜೇನು ಇಲ್ಲ, ಪ್ರವಾಹದ ಪಟ್ಟಿಯಲ್ಲೂ ಇಲ್ಲ. ಮುಂದೆ ನಾಲ್ಕು ವರ್ಷ ಅವರು ಅಡಿಕೆ ಸುಲಿದು ಕಂತು ಕಟ್ಟಿದರು. ಊರಿಗೆ ಹೋದಾಗಲೆಲ್ಲ ನನ್ನನ್ನು ಕಂಡು ಅದೇ ನಗು ನಗುತ್ತಿದ್ದರು. ಒಂದು ಕೊಂಕು ಮಾತು ಆಡಲಿಲ್ಲ. ಅಂಕಿಅಂಶದ ಪುಸ್ತಕದಲ್ಲಿ ಆ ರೋಗದ ಲೆಕ್ಕ ಕುಟುಂಬಗಳಲ್ಲಿ ಇದೆ. ನೊಣದ ಕುಟುಂಬ ಅಂತ ಅರ್ಥ. ಇನ್ನೊಂದು ಕುಟುಂಬದ ಲೆಕ್ಕ ಯಾರೂ ಬರೆದಿಡಲಿಲ್ಲ.

ಉತ್ತರದಲ್ಲಿ ಆಗಲೇ ಬೇರೆ ದಾರಿ ಸಿಕ್ಕಿತ್ತು. 1962ರಿಂದ 64ರ ನಡುವೆ, ಆಗ ಪಂಜಾಬಿಗೆ ಸೇರಿದ್ದ ನಗ್ರೋಟಾ ಬಗ್ವಾನಿನಲ್ಲಿ ಅತ್ವಾಲ್ ಎಂಬ ವಿಜ್ಞಾನಿಯ ತಂಡ ಇಟಲಿಯ ಮೆಲ್ಲಿಫೆರಾ ನೊಣವನ್ನು ನಮ್ಮ ನೆಲಕ್ಕೆ ಹೊಂದಿಸಿತ್ತು. ಅದಕ್ಕೆ ಥಾಯ್ ರೋಗ ಹತ್ತುವುದಿಲ್ಲ, ಜೇನೂ ಹಲವು ಪಟ್ಟು. ಇವತ್ತು ಅಂಗಡಿಯ ಬಾಟಲಿಯಲ್ಲಿರುವುದು ಹೆಚ್ಚಾಗಿ ಅದರದ್ದೇ. ಆದರೆ ಅದಕ್ಕೆ ಸಾಸಿವೆಯ ಬಯಲು ಬೇಕು, ಹೂವಿನ ಹಿಂದೆ ಲಾರಿಯಲ್ಲಿ ಪೆಟ್ಟಿಗೆ ಸಾಗಿಸಬೇಕು. ಆರು ತಿಂಗಳು ಮಳೆ ಹೊಡೆಯುವ ತೋಟದ ಮೂಲೆಯಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಳ್ಳುವವನಿಗೆ ತುಡುವೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಅಣ್ಣನದೂ ಅದೇ. ಅವನು ಆ ಹಿರಿಯರ ಕೊನೆಯ ಮಾತನ್ನು ಹಿಡಿದುಕೊಂಡ. ಎರಡು ವರ್ಷ ಪೆಟ್ಟಿಗೆಗಳನ್ನು ಅಟ್ಟದಲ್ಲಿ ಕವುಚಿಟ್ಟು, 1994ರಲ್ಲಿ ಗುಡ್ಡದ ಮುರಕಲ್ಲಿನ ಪೊಟರೆಯಿಂದ ಒಂದು ಕುಟುಂಬ ತಂದು ಕೂರಿಸಿದ. ಅದು ನಿಂತಿತು. ಈಗ ಅವನಲ್ಲಿರುವ ಆರು ಪೆಟ್ಟಿಗೆಗಳೂ ಗುಡ್ಡದಿಂದ ಬಂದವು.

ನಾನು 2018ರಲ್ಲಿ ನಿವೃತ್ತನಾದೆ. ನಮ್ಮದು ಪುಣೆಯ ಹಳೇ ಬಡಾವಣೆಯ ನೆಲಮಾಳಿಗೆಯ ಮನೆ, ಹಿಂದೆ ಹದಿನೈದು ಅಡಿ ಹಿತ್ತಿಲು. ಒಂದು ನುಗ್ಗೆ, ಒಂದು ಕರಿಬೇವು, ಗೋಡೆಯ ಮೇಲೆ ಗುಲಾಬಿ ಬಣ್ಣದ ಐಸ್‌ಕ್ರೀಮ್ ಬಳ್ಳಿ. ಗಣೇಶಖಿಂಡ್ ರಸ್ತೆಯ ಅದೇ ಸಂಸ್ಥೆಯಲ್ಲಿ ತರಬೇತಿ ಮಾಡಿಕೊಂಡು ಎರಡು ಪೆಟ್ಟಿಗೆ ಇಟ್ಟೆ. ತುಡುವೆಗೆ ಮರಾಠಿಯಲ್ಲಿ ಸಾತೇರಿ, ಹೆಜ್ಜೇನಿಗೆ ಆಗ್ಯಾ, ಕೋಲುಜೇನಿಗೆ ಫುಲೋರಿ, ನಮ್ಮ ಮುಜಂಟಿಗೆ ಪೋಯಾ. ಪಕ್ಕದ ಮನೆಯವರು ಮೊದಲು ಹೆದರಿದರು. 'ಕಾಕಾ, ಆಗ್ಯಾ ತಂದಿಟ್ಟಿದೀರಾ?' ಅಂತ ಮಹಡಿಯ ಹುಡುಗ ಕೇಳಿದ. ಆಗ್ಯಾ ಅಂದರೆ ಬೆಂಕಿಯಂಥದ್ದು, ಹೆಸರೇ ಹೇಳುತ್ತದೆ. ಅದು ಪೆಟ್ಟಿಗೆಗೆ ಬರುವ ಜಾತಿಯೇ ಅಲ್ಲ, ಹತ್ತನೇ ಮಹಡಿಯ ಬಾಲ್ಕನಿಗೆ ಜೋತು ಬೀಳುವುದು ಅದು ಅಂತ ತಿಳಿಸಿ ಹೇಳಿ, ಮೊದಲ ವರ್ಷದ ಜೇನಿನಲ್ಲಿ ಮನೆಗೊಂದು ಸಣ್ಣ ಬಾಟಲಿ ಕೊಟ್ಟ ಮೇಲೆ ಹೆದರಿಕೆ ಇಳಿಯಿತು. ಹೊಸ ಕಟ್ಟಡಗಳಲ್ಲಿ ಹೆಜ್ಜೇನು ಕಂಡ ತಕ್ಷಣ ಔಷಧಿ ಹೊಡೆಸಿ ಬುಟ್ಟಿಗಟ್ಟಲೆ ಗುಡಿಸಿ ಹಾಕುವುದು ಈಗಲೂ ನಿಂತಿಲ್ಲ, ನೋಡಿದರೆ ಸಂಕಟವಾಗುತ್ತದೆ. ಇದೇ ಮಹಾರಾಷ್ಟ್ರದಲ್ಲಿ, ಮಹಾಬಲೇಶ್ವರದ ಹತ್ತಿರದ ಮಾಂಘರ್ ಅನ್ನೋ ಹಳ್ಳಿಯನ್ನು 2022ರಲ್ಲಿ 'ಜೇನಿನ ಊರು' ಅಂತ ಘೋಷಿಸಿದ್ದಾರೆ ಅನ್ನುವುದನ್ನೂ ಹೇಳಬೇಕು.

ಪುಣೆಯಲ್ಲಿ ಜೇನಿನ ವರ್ಷ ಶುರುವಾಗುವುದು ಗಣಪತಿ ಹೋದ ಮೇಲೆ. ಮಳೆ ಹಿಂದೆಗೆಯುತ್ತದೆ, ಬಳ್ಳಿ ಹೂ ಬಿಡುತ್ತದೆ, ಊರಾಚೆ ಹುಚ್ಚೆಳ್ಳಿನ ಹೊಲ ಹಳದಿಯಾಗುತ್ತದೆ. ವಿಸರ್ಜನೆಗೂ ಘಟಸ್ಥಾಪನೆಗೂ ನಡುವಿನ ಪಕ್ಷಮಾಸದಲ್ಲಿ ಒಂದು ಬಿಸಿಲಿನ ದಿನ ನೋಡಿ ನಾನು ಪೆಟ್ಟಿಗೆ ತೆರೆಯುತ್ತೇನೆ. ಊರಿನಲ್ಲಿ ಇನ್ನೂ ತಡ, ದೀಪಾವಳಿ ಕಳೆಯಬೇಕು.

ಮುಚ್ಚಳಕ್ಕೆ ಕೈ ಹಾಕುವ ಮೊದಲು ಹತ್ತು ನಿಮಿಷ ಬಾಗಿಲು ನೋಡಬೇಕು. ಒಳಗೆ ಹೋಗುವ ನೊಣದ ಕಾಲಿನಲ್ಲಿ ಪರಾಗದ ಉಂಡೆ ಇದ್ದರೆ ಒಳಗೆ ಮಕ್ಕಳಿದ್ದಾರೆ ಅಂತ. ಮಕ್ಕಳಿಲ್ಲದ ಮನೆಗೆ ಯಾರು ಅಷ್ಟು ಹೊತ್ತು ತರುತ್ತಾರೆ? ಕಾಲುಮಣೆಯ ಬಟ್ಟಲುಗಳಲ್ಲಿ ನೀರಿದೆಯೇ, ಇರುವೆ ಹತ್ತಿದೆಯೇ ನೋಡಬೇಕು. ತೆಂಗಿನ ನಾರಿನ ಹೊಗೆ ಒಂದೆರಡು ಸಲ ಮಾತ್ರ. ಸೀಮೆ ನೊಣ ಹೊಗೆಗೆ ತಣ್ಣಗಾಗುತ್ತದೆ. ತುಡುವೆಗೆ ಹೆಚ್ಚಾದರೆ ಗಾಬರಿ, ಎರಿಯ ತುಂಬ ಓಡಾಡಿ ರಾಣಿ ಕಾಣದಂತೆ ಮಾಡುತ್ತದೆ. ಒಂದು ಅನುಕೂಲ ಉಂಟು, ತುಡುವೆ ಅಂಟು ಮೆತ್ತುವುದಿಲ್ಲ. ಲ್ಯಾಂಗ್‌ಸ್ಟ್ರಾತ್ ಪಾದ್ರಿಗಳು ಪಟ್ಟ ಪಾಡು ನಮಗಿಲ್ಲ, ಚೌಕಟ್ಟು ಸುಲಭವಾಗಿ ಏಳುತ್ತದೆ.

ರಾಣಿಯನ್ನೇ ಹುಡುಕುತ್ತ ಕೂರುವುದು ಹೊಸಬರ ಅಭ್ಯಾಸ. ನಾನು ಮೊಟ್ಟೆ ನೋಡುತ್ತೇನೆ. ಬೆನ್ನಿಗೆ ಬಿಸಿಲು ಬೀಳುವ ಹಾಗೆ ನಿಂತು ಚೌಕಟ್ಟು ಓರೆ ಮಾಡಿದರೆ, ಕೋಣೆಯ ತಳದಲ್ಲಿ ಬಿಳಿ ನೂಲಿನ ತುಂಡಿನ ಹಾಗೆ ಕಾಣುತ್ತದೆ. ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ಅಂದರೆ ಮೊಟ್ಟೆ ಕಂಡರೆ ಮೂರು ದಿನದ ಒಳಗೆ ರಾಣಿ ಅಲ್ಲಿ ಇದ್ದಳು. ಇದಕ್ಕಿಂತ ಚೊಕ್ಕ ವೋಚರ್ ನಾನು ಸರ್ವೀಸಿನಲ್ಲಿ ನೋಡಿಲ್ಲ. ಆಮೇಲೆ ಮುಚ್ಚಿದ ಮರಿ ಎಷ್ಟು, ಮೂಲೆಯಲ್ಲಿ ಜೇನಿನ ದಾಸ್ತಾನು ಎಷ್ಟು, ನಡುವೆ ರಂಧ್ರವಿರುವ ಗಂಡುನೊಣದ ಮುಚ್ಚಳಗಳು ಬಂದಿವೆಯೇ. ಅವು ಬಂದರೆ ಸಂಸಾರ ಪಾಲಾಗುವ ಯೋಚನೆಯಲ್ಲಿದೆ ಅಂತ ತಿಳಿಯಬಹುದು. ಮಳೆಗಾಲದಲ್ಲಿ ತಳದ ಹಲಗೆಯ ಮೇಲೆ ಮೇಣದ ಹುಡಿ ಬಿದ್ದು, ಅದರಲ್ಲಿ ಮೇಣದ ಹುಳು ಬಲೆ ಹೆಣೆದಿರುತ್ತದೆ. ಅದನ್ನು ಕೆರೆದು ಸುಡಬೇಕು. ಕಪ್ಪಾದ ಹಳೇ ಎರಿ ತೆಗೆಯಬೇಕು. ಜೇನು ಮಾತ್ರ ಒಂದು ಹನಿಯೂ ತೆಗೆಯಕೂಡದು. 'ಇಷ್ಟೆಲ್ಲ ವೇಷ ಹಾಕಿಕೊಂಡು ಬರೀ ನೋಡಿ ಬಂದಿರಾ?' ಅಂತ ನನ್ನ ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ.

ಹೋದ ವರ್ಷ ಮೊದಲ ಪೆಟ್ಟಿಗೆ ಚೆನ್ನಾಗಿತ್ತು, ಐದು ಎರಿ ತುಂಬ ನೊಣ. ಎರಡನೆಯದರ ಬಾಗಿಲಲ್ಲೇ ನನಗೆ ಸಂಶಯ ಬಂತು, ಓಡಾಟ ಮಂದವಾಗಿತ್ತು. ಮೂರನೇ ಚೌಕಟ್ಟು ಎತ್ತಿದಾಗ ಕಂಡೆ. ಮುಚ್ಚಬೇಕಾದ ಕೋಣೆಗಳ ಬಾಯಿ ತೆರೆದಿದೆ, ಒಳಗೆ ತುದಿ ಎತ್ತಿದ ಮಾಸಲು ಹಳದಿ ಮರಿ. ಬೆಂಕಿಕಡ್ಡಿಯಿಂದ ಎತ್ತಿದೆ. ಚೀಲ ಇಡಿಯಾಗಿ ಬಂತು, ತುದಿಯಲ್ಲಿ ನೀರಿನ ತೊಟ್ಟು. 1992ರಲ್ಲಿ ಬರೀ ಅಣ್ಣನ ಅಕ್ಷರದಲ್ಲಿ ಓದಿದ್ದನ್ನು ಮೂವತ್ತು ವರ್ಷದ ಮೇಲೆ ಕಡ್ಡಿಯ ತುದಿಯಲ್ಲಿ ನೋಡಿದೆ. ಕೈ ನಡುಗಿತು ಅಂದರೆ ಸುಳ್ಳಲ್ಲ. ಎಣಿಸಿದರೆ ಆ ಎರಿಯಲ್ಲಿ ಹನ್ನೊಂದು, ಪಕ್ಕದ್ದರಲ್ಲಿ ನಾಲ್ಕು.

ರಾತ್ರಿ ಅಣ್ಣನಿಗೆ ಫೋನು ಮಾಡಿದೆ. ಅವನಿಗೆ ಈಗ ಎಪ್ಪತ್ತಾರು, ಕಿವಿ ಸ್ವಲ್ಪ ಮಂದ. 'ಹನ್ನೊಂದಾ, ನೂರ ಹನ್ನೊಂದಾ?' ಅಂತ ಕೇಳಿದ. ಹನ್ನೊಂದು ಅಂದೆ. 'ಹಾಗಾದ್ರೆ ಹೆದರ್ಬೇಡ. ನೀನು ಆಗ ಬರ್ದ ಕಾಗದ ಇದೆ ನನ್ನ ಹತ್ರ, ಓದ್ತೇನೆ ಕೇಳು.' ಕನ್ನಡಕ ಹುಡುಕಿ, ಅಂದಿನ ನನ್ನ ಕಾಗದವನ್ನು ಫೋನಿನಲ್ಲಿ ನನಗೇ ಓದಿ ಹೇಳಿದ. ಎರಿ ಸುಡಿ, ರಾಣಿಯನ್ನು ಪಂಜರದಲ್ಲಿಡಿ, ಎರಿ ಬದಲಾಯಿಸಬೇಡಿ. ಮರುದಿನ ಎರಡೂ ಎರಿ ಸುಟ್ಟೆ. ರಾಣಿಯನ್ನು ಹಿಡಿಯಲು ಮುಕ್ಕಾಲು ಗಂಟೆ ಹಿಡಿಯಿತು. ಸಣ್ಣ ಜಾಲರಿಯ ಪಂಜರದಲ್ಲಿ ಕೂರಿಸಿ, ಸಂಜೆ ಸಕ್ಕರೆ ಪಾಕ ಇಟ್ಟು, ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ ಉಳಿ ಇಟ್ಟುಕೊಂಡೆ. ಖಂಡೇನವಮಿಗೆ ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಕೂತದ್ದು ಅವೆರಡು ಉಳಿ ಮತ್ತು ಹೊಗೆತಿದಿ. ದಸರಾ ಮುಗಿದ ಮೇಲೆ ರಾಣಿಯನ್ನು ಬಿಟ್ಟೆ. ಮೂರು ವಾರ ಕಳೆದು ನೋಡಿದಾಗ ಅಂಗೈಯಗಲ ಮುಚ್ಚಿದ ಮರಿ ಇತ್ತು, ಎಲ್ಲ ಮುಚ್ಚಳವೂ ಸಮವಾಗಿ, ಕಂದುಬಣ್ಣದಲ್ಲಿ. ಆ ಪೆಟ್ಟಿಗೆಯಿಂದ ಆ ವರ್ಷ ಜೇನು ತೆಗೆಯಲಿಲ್ಲ.

ಜನವರಿಯಲ್ಲಿ ಊರಿಗೆ ಹೋದೆ. ಅಣ್ಣನ ಮಗ ಮಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದಾನೆ, ಪೆಟ್ಟಿಗೆಗಳು ಈಗ ಅವನ ಕೈಗೆ. ಅಟ್ಟದಿಂದ ಅಪ್ಪನ ಕಾಲದ ಒಂದು ಹಲಸಿನ ಮರದ ಪೆಟ್ಟಿಗೆ ಇಳಿಸಿ ಉಜ್ಜುತ್ತಿದ್ದ. 'ಚಿಕ್ಕಪ್ಪ, ಚೌಕಟ್ಟು ಎಲ್ಲ ಹೋಗಿದೆ, ಅಳತೆ ಹೇಳಿ' ಅಂದ. ಅವನಿಗೆ ಬರೆದುಕೊಟ್ಟೆ: ಏಳು ಚೌಕಟ್ಟು, ಎಂಟು ಇಂಚು ಕಾಲು, ಐದು ಮುಕ್ಕಾಲು.